300 ಪೇಪರ್ ಇರುವ ಡಾಕ್ಟರ್ ಅಂದರೆ ಏನು ಅರ್ಥ? ಅಮ್ಮನ ರೇಡಿಯೇಷನ್ ವಿಚಾರಕ್ಕೆ ಕೇಳುತ್ತಿದ್ದೇನೆ

ತುಂಗಾತೀರ
ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ನಮ್ಮ ಅಮ್ಮನಿಗೆ 54 ವರ್ಷ. ಎರಡು ವರ್ಷದಿಂದ ಬಿಳಿ ಹೋಗುತ್ತಿತ್ತಂತೆ, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮುಟ್ಟು ನಿಂತು ಎಷ್ಟೋ ಕಾಲ ಆದ ಮೇಲೆ ಮತ್ತೆ ರಕ್ತ ಕಂಡಾಗ ಹೆದರಿ ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಹೋದರು. ಗರ್ಭಕೋಶ ತೆಗೆದುಬಿಡೋಣ ಅಂದರು, ತೆಗೆದರು. ಮೊದಲು ಪ್ಯಾಪ್ ಸ್ಮಿಯರ್ (ಗರ್ಭಕೋಶದ ಬಾಯಿಯಿಂದ ಜೀವಕೋಶ ತೆಗೆದು ನೋಡುವ ಟೆಸ್ಟ್) ಇಲ್ಲ, ಬಯಾಪ್ಸಿ ಇಲ್ಲ. ಹದಿನೈದು ದಿನ ಕಳೆದು ರಿಪೋರ್ಟ್ ಬಂತು. ಗರ್ಭಕೋಶದ ಬಾಯಿಯ ಕ್ಯಾನ್ಸರ್. ಈಗ ಬೆಂಗಳೂರಿನಲ್ಲಿ ತೋರಿಸುತ್ತಿದ್ದೇವೆ, 25 ದಿನ ಕರೆಂಟ್ (ರೇಡಿಯೇಷನ್) ಕೊಡಬೇಕು ಅಂದಿದ್ದಾರೆ.

ದೊಡ್ಡಪ್ಪನ ಮಗ ಒಬ್ಬ ಡಾಕ್ಟರ ಹೆಸರು ಕಳಿಸಿ "ಇವರಿಗೆ 300 ಪೇಪರ್ ಇದೆ, ಇಲ್ಲೇ ಹೋಗಬೇಕು" ಅಂತ ಹಠ ಹಿಡಿದಿದ್ದಾನೆ. ಪೇಪರ್ ಅಂದರೆ ಜರ್ನಲ್‌ನಲ್ಲಿ ಅಚ್ಚಾದ ಸಂಶೋಧನಾ ಲೇಖನ. ಅವನದು ಪ್ರೀತಿಯೇ, ಬೇಜಾರಿಲ್ಲ. ಆದರೆ 300 ಅನ್ನುವುದು ಜಾಸ್ತಿಯೋ ಕಡಿಮೆಯೋ, ಅದರಿಂದ ಅಮ್ಮನಿಗೆ ಏನು ಸಿಗುತ್ತದೆ, ನನಗೆ ಗೊತ್ತಾಗಲಿಲ್ಲ. ಮೂರು ರಾತ್ರಿ ಕೂತು ಪಬ್‌ಮೆಡ್ ಅನ್ನುವ, ವೈದ್ಯಕೀಯ ಪೇಪರ್ ಹುಡುಕುವ ವೆಬ್‌ಸೈಟ್ ನೋಡಿದೆ. ನಾನು ಓದಿದ್ದು ಬಿ.ಕಾಂ. ಮೊದಲ ರಾತ್ರಿ ಒಂದು ಸಾಲೂ ತಲೆಗೆ ಹೋಗಲಿಲ್ಲ.

ಎರಡನೇ ರಾತ್ರಿ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಕೇಂದ್ರದ ಡಾ. ಸುಪ್ರಿಯಾ ಚೋಪ್ರಾ ಅವರ ಪೇಪರ್‌ಗಳು ಕಣ್ಣಿಗೆ ಬಿದ್ದವು. ನವಿ ಮುಂಬಯಿಯ ಖಾರ್‌ಘರ್‌ನಲ್ಲಿ ಅವರ ಕೆಲಸ. 2014ರ ಒಂದು ಪೇಪರ್‌ನಲ್ಲಿ ಗರ್ಭಕೋಶದ ಬಾಯಿಗೆ ಕರೆಂಟ್ ಕೊಟ್ಟಾಗ ಕರುಳಿಗೆ ಎಷ್ಟು ಬಿದ್ದರೆ ಮುಂದೆ ತೊಂದರೆ ಆಗುತ್ತದೆ ಅಂತ ಹುಡುಕಿದ್ದಾರೆ. 2021ರಲ್ಲಿ ಅವರ ಪಾರ್ಸರ್ ಅನ್ನುವ ದೊಡ್ಡ ಟ್ರಯಲ್‌ನ, ಅಂದರೆ ರೋಗಿಗಳನ್ನು ಗುಂಪು ಮಾಡಿ ಎರಡು ಚಿಕಿತ್ಸೆ ಹೋಲಿಸುವ ಅಧ್ಯಯನದ, ಫಲಿತಾಂಶ ಬಂದಿದೆ. ಅದರಲ್ಲೂ ಕರುಳಿನ ಪ್ರಶ್ನೆಯೇ. ಆ ಟ್ರಯಲ್‌ಗೆ ಸೇರಿದ 300 ಹೆಂಗಸರಲ್ಲಿ ನಮ್ಮ ಅಮ್ಮನ ಥರದವರೂ ಇದ್ದರು. ಅಂದರೆ ಬೇರೆ ಕಾರಣಕ್ಕೆ ಗರ್ಭಕೋಶ ತೆಗೆದು, ಆಮೇಲೆ ಕ್ಯಾನ್ಸರ್ ಅಂತ ಗೊತ್ತಾದವರು. ಅದನ್ನು ಓದಿದಾಗ ಅತ್ತುಬಿಟ್ಟೆ. ಇಂಥದ್ದು ನಮ್ಮ ಮನೆಯಲ್ಲಿ ಮಾತ್ರ ಆಗಿದ್ದಲ್ಲ, ಅದನ್ನು ಲೆಕ್ಕಕ್ಕೆ ಹಿಡಿದವರೂ ಇದ್ದಾರೆ ಅಂತ.

ತಿಳಿದವರು ಹೇಳಿ. ಒಬ್ಬ ಡಾಕ್ಟರ ಪೇಪರ್ ಪಟ್ಟಿಯನ್ನು ಹೇಗೆ ಓದಬೇಕು? ಎಣಿಸಬೇಕಾ, ಬೇರೆ ಏನಾದರೂ ನೋಡಬೇಕಾ?

ಅಂಕಿಪ್ರಿಯ
ಮೊದಲು ಅಮ್ಮ ಬೇಗ ಚೇತರಿಸಿಕೊಳ್ಳಲಿ. ನಾನು ಹನ್ನೆರಡು ವರ್ಷದಿಂದ ವೈದ್ಯಕೀಯ ಸಂಶೋಧನೆಯ ಅಂಕಿಅಂಶದ ಕೆಲಸ ಮಾಡುತ್ತಿದ್ದೇನೆ, ಡಾಕ್ಟರ್ ಅಲ್ಲ. ನನಗೆ ತಿಳಿದಷ್ಟು ಹೇಳುತ್ತೇನೆ.

300 ಅನ್ನುವ ಸಂಖ್ಯೆಯನ್ನೇ ಮೊದಲು ಅನುಮಾನದಿಂದ ನೋಡಿ. ನಮ್ಮ ದೇಶದ ಹೆಸರುಗಳಿಗೆ ಇನಿಷಿಯಲ್ ಕಾಟ ಜಾಸ್ತಿ. ಪಬ್‌ಮೆಡ್‌ನಲ್ಲಿ "ಕುಮಾರ್ ಎಸ್", "ರಾವ್ ಎಸ್" ಅಂತ ಹಾಕಿ ನೋಡಿ, ಸಾವಿರಾರು ಬರುತ್ತವೆ. ಹಲ್ಲಿನ ಡಾಕ್ಟರು, ಭತ್ತದ ವಿಜ್ಞಾನಿ ಎಲ್ಲರೂ ಒಂದೇ ಪಟ್ಟಿಯಲ್ಲಿ. ಅದಕ್ಕೇ 2012ರಿಂದ ಆರ್ಕಿಡ್ ಅಂತ 16 ಅಂಕಿಯ ನಂಬರ್ ಬಂದಿದೆ, ಒಬ್ಬರಿಗೆ ಒಂದೇ. ಅದು ಇದ್ದರೆ ಆ ಪೇಪರ್‌ಗಳು ಅವರದೇ ಅನ್ನುವುದಕ್ಕೆ ಒಂದು ಆಧಾರ ಸಿಗುತ್ತದೆ.

ಆಮೇಲೆ ಹೆಸರು ಎಲ್ಲಿದೆ ನೋಡಿ. ವೈದ್ಯಕೀಯ ಪೇಪರ್‌ನಲ್ಲಿ ಮೊದಲ ಹೆಸರಿನವರು ಹೆಚ್ಚು ದುಡಿದವರು, ಕೊನೆಯವರು ಸಾಮಾನ್ಯವಾಗಿ ತಂಡದ ಹಿರಿಯರು. ನಡುವಿನ ಹೆಸರುಗಳಲ್ಲಿ ನಿಜವಾಗಿ ದುಡಿದವರೂ ಇರುತ್ತಾರೆ, ವಿಭಾಗದ ಮುಖ್ಯಸ್ಥರು ಅಂತ ಸೇರಿಸಿದವರೂ ಇರುತ್ತಾರೆ. ನಮ್ಮಲ್ಲಿ ಮೆಡಿಕಲ್ ಕಾಲೇಜಿನ ಬಡ್ತಿಗೆ ಪೇಪರ್ ಬೇಕು ಅನ್ನುವ ನಿಯಮ ಇದೆ. ದುಡ್ಡು ಕೊಟ್ಟರೆ ಎರಡು ವಾರದಲ್ಲಿ ಅಚ್ಚು ಹಾಕುವ ಜರ್ನಲ್‌ಗಳು ಆ ಒತ್ತಡದಿಂದಲೇ ಬದುಕುತ್ತಿವೆ. ಎಚ್-ಇಂಡೆಕ್ಸ್ ಅಂತಲೂ ಕೇಳಿರಬಹುದು. ಹಿರ್ಷ್ ಅನ್ನುವ ಭೌತವಿಜ್ಞಾನಿ 2005ರಲ್ಲಿ ತಂದ ಲೆಕ್ಕ ಅದು. 40 ಪೇಪರ್‌ಗಳನ್ನು ಬೇರೆಯವರು ತಲಾ 40 ಸಲವಾದರೂ ಉಲ್ಲೇಖಿಸಿದ್ದರೆ ಎಚ್-ಇಂಡೆಕ್ಸ್ 40. ಎಷ್ಟು ಜನ ಮಾತಾಡಿದರು ಅಂತ ಅದು ಹೇಳುತ್ತದೆ, ಕಾಯಿಲೆಯವರಿಗೆ ಏನಾಯಿತು ಅಂತ ಹೇಳುವುದಿಲ್ಲ.

ನಾನು ನೋಡುವುದು ಇಷ್ಟೇ. ಒಂದೇ ಪ್ರಶ್ನೆಯನ್ನು ಎಷ್ಟು ವರ್ಷ ಬೆನ್ನು ಹತ್ತಿದ್ದಾರೆ? ಚಿಕಿತ್ಸೆ ಮುಗಿಸಿ ಮನೆಗೆ ಹೋದವರನ್ನು ಎಷ್ಟು ಕಾಲ ವಿಚಾರಿಸಿಕೊಂಡಿದ್ದಾರೆ? ಏನನ್ನು ಎಣಿಸಿದ್ದಾರೆ? ಬದುಕಿದ್ದಾರೆ, ಸತ್ತಿದ್ದಾರೆ ಅಂತ ಬರೆದು ಬಿಟ್ಟರೋ, ಬದುಕಿದವರ ಸೊಂಟದ ಕೆಳಗಿನ ಕಷ್ಟವನ್ನೂ ಕೇಳಿದರೋ?

ನೀವು ಹೇಳಿದ ಪಾರ್ಸರ್ ಅದಕ್ಕೆ ಒಳ್ಳೆಯ ಉದಾಹರಣೆ. ಹೆಂಗಸರನ್ನು ಸೇರಿಸಿಕೊಳ್ಳುವುದಕ್ಕೇ 2011ರಿಂದ 2019ರವರೆಗೆ ಹಿಡಿಯಿತು. ಅರ್ಧ ಜನಕ್ಕೆ ಮೊದಲಿನ ರೀತಿಯ ರೇಡಿಯೇಷನ್. ಉಳಿದರ್ಧಕ್ಕೆ ಐಎಂಆರ್‌ಟಿ, ಅಂದರೆ ಕಿರಣದ ತೀವ್ರತೆಯನ್ನು ಬೇಕಾದಂತೆ ತಿದ್ದಿ, ದಿನಾ ಚಿತ್ರ ತೆಗೆದು ನೋಡಿಕೊಂಡು ಕೊಡುವುದು. ಮೂರು ವರ್ಷದಲ್ಲಿ ಔಷಧಿ ಬೇಕಾಗುವಷ್ಟೋ ಅದಕ್ಕಿಂತ ಜಾಸ್ತಿಯೋ ಕರುಳಿನ ತೊಂದರೆ ಆದವರು ಮೊದಲಿನ ರೀತಿಯಲ್ಲಿ 100ಕ್ಕೆ 42, ಐಎಂಆರ್‌ಟಿಯಲ್ಲಿ 21. ಕ್ಯಾನ್ಸರ್ ವಾಪಸ್ ಬರುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಜೀವ ಉಳಿಸುವ ಕೆಲಸ ಎರಡರಲ್ಲೂ ಒಂದೇ ಥರ ಆಯಿತು, ಆದರೆ ಕರುಳಿನ ಕಷ್ಟ ಅರ್ಧಕ್ಕೆ ಇಳಿಯಿತು.

ತುಂಗಾತೀರ
ಸರ್, ತುಂಬಾ ಥ್ಯಾಂಕ್ಸ್. ಒಂದು ಸಣ್ಣ ಪ್ರಶ್ನೆ. ಕರುಳಿನ ತೊಂದರೆ ಅಂದರೆ ಎಷ್ಟರ ಮಟ್ಟಿಗೆ? ಡಾಕ್ಟರನ್ನು ಕೇಳಿದಾಗ "ಸ್ವಲ್ಪ ಲೂಸ್ ಮೋಷನ್ ಆಗಬಹುದು" ಅಂದರು, ಅಷ್ಟೇ.

ಹಳೇಸಿಸ್ಟರ್
ಮಗಳೇ, ರೇಡಿಯೇಷನ್ ವಾರ್ಡಿನಲ್ಲಿ 26 ವರ್ಷ ಇದ್ದು ರಿಟೈರ್ ಆದವಳು ನಾನು. ಇದನ್ನು ನಾನು ಹೇಳುತ್ತೇನೆ.

ಕರೆಂಟ್ ನಡೆಯುವಾಗ ಆಗುವ ಭೇದಿ ಬೇರೆ, ಅದು ಹೆಚ್ಚಿನವರಿಗೆ ಮುಗಿದ ಮೇಲೆ ಕೆಲವು ವಾರದಲ್ಲಿ ನಿಲ್ಲುತ್ತದೆ. ಆ ಪೇಪರ್ ಹೇಳುವುದು ಆಮೇಲೆ ಬರುವುದರ ಬಗ್ಗೆ. ಆರು ತಿಂಗಳಿಗೋ ಎರಡು ವರ್ಷಕ್ಕೋ ಬರುತ್ತದೆ. ಊಟ ಮಾಡಿ ಏಳುವಷ್ಟರಲ್ಲಿ ಓಡಬೇಕು. ಬಸ್ಸಿನಲ್ಲಿ ಹೋಗುವ ಧೈರ್ಯ ಇಲ್ಲ. ಮದುವೆ ಮನೆಗೆ ಹೋದರೆ ಮೊದಲು ಬಚ್ಚಲು ಎಲ್ಲಿದೆ ಅಂತ ನೋಡುತ್ತಾರೆ. ಕೆಲವರಿಗೆ ಮಲದಲ್ಲಿ ರಕ್ತ. ಕೆಲವರಿಗೆ ಹೊಟ್ಟೆ ಹಿಂಡುವ ನೋವು. ಫಾಲೋಅಪ್‌ಗೆ ಬಂದಾಗ ಡಾಕ್ಟರು "ಹೇಗಿದ್ದೀರಿ" ಅಂದರೆ "ಚೆನ್ನಾಗಿದ್ದೀನಿ ಸಾರ್" ಅಂದುಬಿಡುತ್ತಾರೆ, ಯಾಕೆ ಅಂದರೆ ಜೀವ ಉಳಿಸಿದವರ ಮುಂದೆ ಇದನ್ನು ಹೇಳುವುದು ಹೇಗೆ ಅನ್ನುವ ಸಂಕೋಚ. ಹೊರಗೆ ಬಂದು ನನ್ನ ಕೈ ಹಿಡಿದು ಹೇಳುತ್ತಿದ್ದರು. ಎಷ್ಟೋ ಜನ ಹಾಗೆ ಹೇಳಿದ್ದಾರೆ, ಮುಖಗಳು ಇನ್ನೂ ನೆನಪಿವೆ.

ಹೇಳದೇ ಇದ್ದರೆ ಅದು ಚಾರ್ಟಿಗೆ ಬರುವುದಿಲ್ಲ. ಕೂರಿಸಿಕೊಂಡು ದಿನಕ್ಕೆ ಎಷ್ಟು ಸಲ, ರಾತ್ರಿ ಏಳುತ್ತೀರಾ, ಬಟ್ಟೆ ಹಾಳಾಗಿದೆಯಾ ಅಂತ ಒಂದೊಂದಾಗಿ ಕೇಳಿದರೆ ಮಾತ್ರ ಬರುತ್ತದೆ. ವರ್ಷಗಟ್ಟಲೆ ಕೂತು ಇದನ್ನೇ ಕೇಳಿ ಬರೆದವರ ಪೇಪರ್ ನನ್ನ ಮಟ್ಟಿಗೆ ದೊಡ್ಡದು.

ನೀನು ಡಾಕ್ಟರನ್ನು ನೇರ ಕೇಳು: ಅಮ್ಮನಿಗೆ ಕೊಡುವುದು ಐಎಂಆರ್‌ಟಿಯಾ, ದಿನಾ ಇಮೇಜ್ ತೆಗೆಯುತ್ತೀರಾ? ಕೇಳಿದರೆ ಯಾವ ಒಳ್ಳೆಯ ಡಾಕ್ಟರೂ ಕೋಪ ಮಾಡಿಕೊಳ್ಳುವುದಿಲ್ಲ.

ಸೊಲ್ಲಾಪುರದವ
ಈ ವಿಷಯದಲ್ಲಿ ನಮ್ಮ ಕಡೆಯ ಒಂದು ಕಥೆ ಹೇಳಲೇಬೇಕು. ನಾವು ಸೊಲ್ಲಾಪುರದ ಕನ್ನಡದವರು. ನಮ್ಮ ಜಿಲ್ಲೆಯ ಬಾರ್ಶಿಯಲ್ಲಿ ನರ್ಗಿಸ್ ದತ್ ಹೆಸರಿನ ಕ್ಯಾನ್ಸರ್ ಆಸ್ಪತ್ರೆ ಇದೆ. ದೇಶದ ಮೊದಲ ಹಳ್ಳಿಗಾಡಿನ ಕ್ಯಾನ್ಸರ್ ನೋಂದಣಿ, ಅಂದರೆ ಯಾರಿಗೆ ಕ್ಯಾನ್ಸರ್ ಬಂತು ಅಂತ ಬರೆದಿಡುವ ಲೆಕ್ಕ, ಶುರುವಾಗಿದ್ದು ಬಾರ್ಶಿಯಲ್ಲೇ, 1987ರಲ್ಲಿ.

ಡಾ. ಆರ್. ಶಂಕರನಾರಾಯಣನ್ ಅಂತ ಒಬ್ಬರಿದ್ದಾರೆ. ಮೊದಲು ತಿರುವನಂತಪುರದ ಕ್ಯಾನ್ಸರ್ ಕೇಂದ್ರದಲ್ಲಿ ಇದ್ದರು, ಆಮೇಲೆ ಫ್ರಾನ್ಸಿನ ಲಿಯಾನ್‌ನಲ್ಲಿರುವ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗೆ ಹೋದರು. ಅವರ ಪಟ್ಟಿ ತೆಗೆದರೆ ನಮ್ಮ ಊರುಗಳೇ ಕಾಣುತ್ತವೆ. 2005ರಲ್ಲಿ ಕೇರಳದ ಬಾಯಿ ಕ್ಯಾನ್ಸರ್ ತಪಾಸಣೆ. 2007ರಲ್ಲಿ ತಮಿಳುನಾಡಿನ ದಿಂಡಿಗಲ್. ಅಲ್ಲಿ ನರ್ಸ್‌ಗಳು ವಿನಿಗರ್‌ನಂಥ ಆಮ್ಲ ಹಚ್ಚಿ, ಗರ್ಭಕೋಶದ ಬಾಯಿ ಬೆಳ್ಳಗಾಗುತ್ತದಾ ಅಂತ ಬರಿಗಣ್ಣಿನಲ್ಲಿ ನೋಡಿ, ಸಾವನ್ನು 35 ಶೇಕಡಾ ಇಳಿಸಿದರು. 2009ರಲ್ಲಿ ಉಸ್ಮಾನಾಬಾದ್.

ಉಸ್ಮಾನಾಬಾದ್ ಬಾರ್ಶಿಯ ಪಕ್ಕದ ಜಿಲ್ಲೆ, ಈಗ ಧಾರಾಶಿವ ಅನ್ನುತ್ತಾರೆ. 52 ಹಳ್ಳಿ ಗುಂಪು, 30ರಿಂದ 59 ವಯಸ್ಸಿನ 1,31,746 ಹೆಂಗಸರು. ಅವರನ್ನು ಬೇರೆ ಬೇರೆ ಗುಂಪು ಮಾಡಿ, ಒಂದು ಗುಂಪಿಗೆ ಜೀವನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ (ಈ ಕ್ಯಾನ್ಸರ್ ತರುವ ವೈರಸ್) ಟೆಸ್ಟ್ ಮಾಡಿ, ಎಂಟು ವರ್ಷ ನೋಡಿದರು. ಆ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದ ಸತ್ತವರು 34. ತಪಾಸಣೆ ಇಲ್ಲದ ಗುಂಪಿನಲ್ಲಿ 64, ಅದೂ ಆ ಗುಂಪಿನಲ್ಲಿ ಹೆಂಗಸರು ಸ್ವಲ್ಪ ಕಡಿಮೆ ಇದ್ದರು. ಆ ಪೇಪರ್‌ನಲ್ಲಿ ಎರಡನೇ ಹೆಸರು ಬಾರ್ಶಿಯ ಡಾ. ಬಿ.ಎಂ. ನೇನೆ ಅವರದು. ಜೋಳ, ತೊಗರಿ ಬೆಳೆಯುವ ಬರದ ನಾಡಿನಲ್ಲಿ ಮನೆಮನೆಗೆ ಹೋಗಿ ಮಾಡಿದ ಕೆಲಸವನ್ನು ಇಡೀ ಜಗತ್ತು ಓದಿತು. ಇದನ್ನು ಎಲ್ಲಿ ಹೇಳಿದರೂ ನನಗೆ ಎದೆ ತುಂಬಿ ಬರುತ್ತದೆ.

ಮುಚ್ಚುಮರೆಯಿಲ್ಲ
ಸೊಲ್ಲಾಪುರದವರೇ, ನಿಮ್ಮ ಹೆಮ್ಮೆ ಸರಿ. ಆದರೆ ಆ 64 ಜನರ ಬಗ್ಗೆಯೂ ಮಾತಾಡಬೇಕು. ಪ್ಯಾಪ್ ಟೆಸ್ಟ್ ಕೆಲಸ ಮಾಡುತ್ತದೆ ಅಂತ ಆ ಹೊತ್ತಿಗೆ ಗೊತ್ತಿತ್ತು ಅಲ್ವಾ? ಗೊತ್ತಿದ್ದೂ 31 ಸಾವಿರ ಹೆಂಗಸರನ್ನು ತಪಾಸಣೆ ಇಲ್ಲದೆ ಬಿಟ್ಟು ಎಣಿಸಿದ್ದು ನ್ಯಾಯವಾ? ಅಮೆರಿಕದ ಡಾ. ಎರಿಕ್ ಸುಬಾ ಈ ಪ್ರಶ್ನೆಯನ್ನು ವರ್ಷಗಟ್ಟಲೆ ಎತ್ತಿದರು. ಮುಂಬಯಿಯ ಕೊಳೆಗೇರಿಗಳಲ್ಲಿ ಒಂದೂವರೆ ಲಕ್ಷ ಹೆಂಗಸರ ಮೇಲೆ ಟಾಟಾದವರು ನಡೆಸಿದ ವಿನಿಗರ್ ಟ್ರಯಲ್‌ಗೂ ಇದೇ ಟೀಕೆ ಬಂತು. ಅಲ್ಲಿ ಸಾವು 31 ಶೇಕಡಾ ಇಳಿದಿದ್ದು ನಿಜ. ಆದರೂ ಒಬ್ಬರ ಪಟ್ಟಿ ಓದುವಾಗ ಅವರ ಮೇಲೆ ಬಂದ ಪ್ರಶ್ನೆಯನ್ನೂ ಓದಬೇಕು.

ಸೊಲ್ಲಾಪುರದವ
ಒಪ್ಪುತ್ತೇನೆ. ಆ ಪ್ರಶ್ನೆ ನನ್ನನ್ನೂ ಕಾಡಿದೆ, ಯಾಕೆ ಅಂದರೆ ಆ 64 ಜನರಲ್ಲಿ ನಮ್ಮ ನೆಂಟರು ಯಾರಾದರೂ ಇದ್ದಿರಬಹುದು. ಟ್ರಯಲ್ ಮಾಡಿದವರು ಹೇಳಿದ್ದು, ಅಲ್ಲಿ ಆಗ ಯಾವ ಹೆಂಗಸಿಗೂ ತಪಾಸಣೆ ಇರಲೇ ಇಲ್ಲ, ಹೋಲಿಕೆ ಗುಂಪಿಗೆ ಸಿಕ್ಕಿದ್ದು ಅಲ್ಲಿ ಮೊದಲಿನಿಂದ ಇದ್ದದ್ದೇ ಅಂತ. ಅದು ನಿಜ. ಇದ್ದದ್ದು ಏನೂ ಇಲ್ಲ ಅನ್ನುವುದೂ ನಿಜ. ನನಗೆ ಜಾಸ್ತಿ ಸಿಟ್ಟು ಬರುವುದು ಆಮೇಲಿನದಕ್ಕೆ. ಫಲಿತಾಂಶ 2009ರಲ್ಲೇ ಬಂತು. 2022ರ ಅಂದಾಜಿನಲ್ಲೂ ನಮ್ಮ ದೇಶದಲ್ಲಿ ವರ್ಷಕ್ಕೆ 1.27 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್, ಹತ್ತಿರ ಹತ್ತಿರ 80 ಸಾವಿರ ಸಾವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನವರಲ್ಲಿ ಒಂದು ಸಲವಾದರೂ ಈ ತಪಾಸಣೆ ಆದವರು 100ಕ್ಕೆ ಎರಡು ಜನವೂ ಇಲ್ಲ. ಆ ಹೆಂಗಸರು ಕೊಟ್ಟ ಉತ್ತರವನ್ನು ನಾವು ಬಳಸಿಕೊಂಡೇ ಇಲ್ಲ.

ಎರಡುಹೆಣ್ಣುಮಕ್ಕಳತಾಯಿ
ಇದೇ ಶಂಕರನಾರಾಯಣನ್ ಅವರಲ್ವಾ ಎಚ್‌ಪಿವಿ ಲಸಿಕೆಯ ಒಂದು ಡೋಸ್ ವಿಷಯದಲ್ಲೂ ಇದ್ದದ್ದು?

ಅಂಕಿಪ್ರಿಯ
ಹೌದು ಮೇಡಂ. ಆ ಕಥೆ ನನಗೆ ತುಂಬಾ ಇಷ್ಟ. 2009ರ ಸೆಪ್ಟೆಂಬರ್‌ನಲ್ಲಿ ಎರಡು ಡೋಸ್ ಸಾಕಾ, ಮೂರು ಬೇಕಾ ಅಂತ ನೋಡಲು ದೇಶದ ಬೇರೆ ಬೇರೆ ಕಡೆ ಹುಡುಗಿಯರಿಗೆ ಲಸಿಕೆ ಶುರು ಮಾಡಿದರು. ಅದೇ ಹೊತ್ತಿಗೆ ಖಮ್ಮಂ ಮತ್ತು ವಡೋದರಾದಲ್ಲಿ ನಡೆಯುತ್ತಿದ್ದ ಬೇರೆಯೇ ಒಂದು ಯೋಜನೆಯಲ್ಲಿ ಕೆಲವು ಹುಡುಗಿಯರು ತೀರಿಕೊಂಡ ಸುದ್ದಿ ಬಂದು ದೊಡ್ಡ ಗಲಾಟೆ ಆಯಿತು. 2010ರ ಏಪ್ರಿಲ್‌ನಲ್ಲಿ ಸರ್ಕಾರ ಎಲ್ಲ ಎಚ್‌ಪಿವಿ ಲಸಿಕೆ ಟ್ರಯಲ್‌ಗಳನ್ನೂ ನಿಲ್ಲಿಸಿತು. ಸುಮಾರು 5 ಸಾವಿರ ಹುಡುಗಿಯರಿಗೆ ಒಂದೇ ಡೋಸ್ ಆಗಿತ್ತು, ಮುಂದಿನದು ಸಿಗಲೇ ಇಲ್ಲ.

ಬೇರೆಯವರಾಗಿದ್ದರೆ ಟ್ರಯಲ್ ಹಾಳಾಯಿತು ಅಂತ ಫೈಲ್ ಮುಚ್ಚುತ್ತಿದ್ದರೇನೋ. ಇವರು ಆ ಹುಡುಗಿಯರ ಕೈ ಬಿಡಲಿಲ್ಲ. ಮದುವೆಯಾದ ಮೇಲೂ ವರ್ಷಗಟ್ಟಲೆ ಪರೀಕ್ಷೆ ಮಾಡಿದರು. 2016ರಲ್ಲಿ ಒಂದು ಪೇಪರ್. 2021ರಲ್ಲಿ ಡಾ. ಪಾರ್ಥ ಬಸು ಮೊದಲ ಹೆಸರಿನಲ್ಲಿ ಇನ್ನೊಂದು: ಎಚ್‌ಪಿವಿ 16 ಮತ್ತು 18 ಅನ್ನುವ ಬಗೆಯ ವೈರಸ್ ದೇಹದಲ್ಲಿ ಉಳಿದುಕೊಳ್ಳುವುದನ್ನು ಒಂದೇ ಡೋಸ್ 95 ಶೇಕಡಾ ತಡೆಯಿತು, ಎರಡು ಮೂರು ಡೋಸಿನಷ್ಟೇ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸ್ ಕೊಟ್ಟರೂ ನಡೆಯುತ್ತದೆ ಅಂದಿತಲ್ಲ, ಅದರ ಹಿಂದಿದ್ದ ಆಧಾರಗಳಲ್ಲಿ ಇದೂ ಒಂದು. ಪಟ್ಟಿಯಲ್ಲಿ ಇದು ಒಂದೋ ಎರಡೋ ಸಾಲು, ಎಣಿಸುವವರಿಗೆ ಕಾಣುವುದೇ ಇಲ್ಲ.

ದೊಡ್ಡಪ್ಪನ ಮಗನಿಗೆ ಇನ್ನೊಂದು ಉದಾಹರಣೆ ಕೊಡಿ. ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಹೊಟ್ಟೆ ಕೊಯ್ಯದೆ ಸಣ್ಣ ತೂತು ಮಾಡಿ ಆಪರೇಷನ್ ಮಾಡಬಹುದು ಅಂತ ಎಷ್ಟೋ ವರ್ಷ ಪೇಪರ್ ಮೇಲೆ ಪೇಪರ್ ಬಂದವು. ಬೇಗ ಮನೆಗೆ ಹೋಗುತ್ತಾರೆ, ರಕ್ತ ಕಡಿಮೆ ಹೋಗುತ್ತದೆ, ಎಲ್ಲ ನಿಜ. 2018ರಲ್ಲಿ ಹ್ಯೂಸ್ಟನ್‌ನ ಡಾ. ಪೆಡ್ರೊ ರಮಿರೆಜ್ ಅವರ ತಂಡ 33 ಆಸ್ಪತ್ರೆಗಳಲ್ಲಿ 631 ಹೆಂಗಸರನ್ನು ಸರಿಯಾಗಿ ಎರಡು ಗುಂಪು ಮಾಡಿ ನೋಡಿದ ಫಲಿತಾಂಶ ಕೊಟ್ಟಿತು. ನಾಲ್ಕೂವರೆ ವರ್ಷದ ಲೆಕ್ಕದಲ್ಲಿ ಕ್ಯಾನ್ಸರ್ ಮರುಕಳಿಸದೆ ಇದ್ದವರು ಹೊಟ್ಟೆ ತೆರೆದು ಮಾಡಿದ ಆಪರೇಷನ್‌ನಲ್ಲಿ 96.5 ಶೇಕಡಾ, ತೂತಿನ ಆಪರೇಷನ್‌ನಲ್ಲಿ 86. ಸಾವೂ ತೂತಿನ ಗುಂಪಿನಲ್ಲೇ ಜಾಸ್ತಿ. ಅಷ್ಟು ಪೇಪರ್‌ಗಳನ್ನು ಒಂದು ಟ್ರಯಲ್ ಬದಿಗೆ ಸರಿಸಿತು. ರಮಿರೆಜ್ ಸ್ವತಃ ಆ ಸಣ್ಣ ತೂತಿನ ಆಪರೇಷನ್ ಮಾಡುತ್ತಿದ್ದವರೇ. ಆದರೂ ಬಂದದ್ದನ್ನು ಬಂದಹಾಗೆ ಅಚ್ಚು ಹಾಕಿದರು.

ಫಿಸಿಯೋ_ಮಂಗಳೂರು
ನಾನು ಪೆಲ್ವಿಕ್ ಫ್ಲೋರ್, ಅಂದರೆ ಸೊಂಟದ ತಳದ ಸ್ನಾಯುಗಳ ಫಿಸಿಯೋಥೆರಪಿ ಮಾಡುತ್ತೇನೆ. ಕ್ಯಾನ್ಸರ್ ಡಾಕ್ಟರುಗಳು ನಮ್ಮ ಹತ್ತಿರ ಕಳಿಸುವುದು ತುಂಬಾ ಕಡಿಮೆ, ಕಳಿಸಿದರೂ ತುಂಬಾ ತಡವಾಗಿ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ ಮೂತ್ರ ಸೋರುವುದು ವಯಸ್ಸಿನ ಹಣೆಬರಹ ಅಂತ ನಮ್ಮ ಹೆಂಗಸರು ಸುಮ್ನೆ ಇರುತ್ತಾರೆ. 1948ರಲ್ಲೇ ಅಮೆರಿಕದ ಡಾ. ಆರ್ನಾಲ್ಡ್ ಕೆಗೆಲ್ ಇದಕ್ಕೆ ವ್ಯಾಯಾಮ ಇದೆ ಅಂತ ಬರೆದರು. ಬರೆದಿದ್ದು ಒಂದು ಮಾತು, ಸಾಬೀತು ಮಾಡುವುದು ಇನ್ನೊಂದು ಮಾತು. ನಾರ್ವೆಯ ಕಾರಿ ಬೂ ಅನ್ನುವ ಫಿಸಿಯೋಥೆರಪಿಸ್ಟ್ ಇಡೀ ವೃತ್ತಿಯನ್ನೇ ಅದಕ್ಕೆ ಕೊಟ್ಟರು. 1999ರಲ್ಲಿ ಅವರ ಒಂದು ಟ್ರಯಲ್ ಬಂತು. 107 ಹೆಂಗಸರು, ಆರು ತಿಂಗಳು. ವ್ಯಾಯಾಮ, ಸ್ನಾಯುವಿಗೆ ವಿದ್ಯುತ್ ಕೊಡುವ ಯಂತ್ರ, ಯೋನಿಯಲ್ಲಿ ಇಡುವ ತೂಕ, ಏನೂ ಇಲ್ಲದ ಗುಂಪು, ನಾಲ್ಕನ್ನೂ ಹೋಲಿಸಿದರು. ಗೆದ್ದದ್ದು ವ್ಯಾಯಾಮ. ಆಮೇಲೆ ಎಷ್ಟೋ ಜನರ ಟ್ರಯಲ್‌ಗಳನ್ನು ಕೂಡಿಸಿ ನೋಡಿದ, ಕಾಕ್ರೇನ್ ಅನ್ನುವ ಸಂಸ್ಥೆಯ 2018ರ ವಿಮರ್ಶೆಯಲ್ಲಿ, ಕೆಮ್ಮಿದಾಗ ಸೋರುವವರು ವ್ಯಾಯಾಮ ಮಾಡಿದರೆ ವಾಸಿಯಾಯಿತು ಅನ್ನುವ ಸಾಧ್ಯತೆ ಎಂಟು ಪಟ್ಟು ಅಂತ ಬಂತು.

ಅವು ಕ್ಯಾನ್ಸರ್ ಇಲ್ಲದ ಹೆಂಗಸರ ಲೆಕ್ಕ, ರೇಡಿಯೇಷನ್ ಆದವರಿಗೆ ಹಾಗೇ ಅನ್ವಯ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ರೇಡಿಯೇಷನ್ ಆದ ಸ್ನಾಯು ಗಟ್ಟಿಯಾಗಿ ಹಿಡಿದುಕೊಂಡಿರಬಹುದು. ಅಂಥವರಿಗೆ ಬಿಗಿ ಮಾಡುವುದಕ್ಕಿಂತ ಸಡಿಲ ಬಿಡುವುದನ್ನು ಮೊದಲು ಕಲಿಸಬೇಕಾಗುತ್ತದೆ. ಯೂಟ್ಯೂಬ್ ನೋಡಿ ಮಾಡಬೇಡಿ ತಾಯಂದಿರೇ, ಒಂದು ಸಲ ಮುಟ್ಟಿ ಪರೀಕ್ಷಿಸುವವರ ಹತ್ತಿರ ಹೋಗಿ.

ಹೆಸರುಬೇಡ
ಈ ವಿಷಯ ಬರೆಯಲು ಎರಡು ದಿನ ಯೋಚಿಸಿದೆ. ನನಗೆ 41. ಇದೇ ಕ್ಯಾನ್ಸರ್, ಆರು ವರ್ಷ ಆಯಿತು, ಈಗ ಇಲ್ಲ. ಕರೆಂಟ್ ಆದ ಮೇಲೆ ಯೋನಿ ಕಿರಿದಾಗುತ್ತದೆ, ಒಣಗುತ್ತದೆ ಅಂತ ನನಗೆ ಯಾರೂ ಹೇಳಲಿಲ್ಲ. ಗಂಡನ ಹತ್ತಿರ ಏನಂತ ಹೇಳುವುದು ಗೊತ್ತಾಗದೆ ಒಂದು ವರ್ಷ ಬೇರೆ ಕೋಣೆಯಲ್ಲಿ ಮಲಗಿದೆ. ಅವರು ನನ್ನ ಮೇಲೆ ಮನಸ್ಸಿಲ್ಲ ಅಂದುಕೊಂಡರಂತೆ, ನಾನು ಅವರಿಗೆ ಬೇಡವಾದೆ ಅಂದುಕೊಂಡೆ. ಆಮೇಲೆ ಬೇರೆ ಕಡೆ ಒಬ್ಬ ಡಾಕ್ಟರಮ್ಮ ಯೋನಿ ಮುಚ್ಚಿಕೊಳ್ಳದ ಹಾಗೆ ಇಡುವ ಡೈಲೇಟರ್ ಅಂತ ಒಂದು ಸಾಧನ ಇದೆ, ಹೀಗೆ ಬಳಸಬೇಕು ಅಂತ ಕೂತು ತೋರಿಸಿದರು. ಪರೀಕ್ಷೆ ಮಾಡಿಸಿಕೊಳ್ಳುವಾಗ ಜೀವ ಹೋಗುವಂಥ ನೋವು ಇತ್ತು, ಅದು ನಿಧಾನಕ್ಕೆ ಕಡಿಮೆ ಆಯಿತು. ಎಲ್ಲ ಸರಿಹೋಗಿದೆ ಅಂತ ಅಲ್ಲ.

ತುಂಗಾತೀರ ಅವರೇ, ಅಮ್ಮನಿಗೆ 54 ಅಂದಿರಿ. "ಈ ವಯಸ್ಸಿಗೆ ಅದೆಲ್ಲ ಯಾಕೆ" ಅಂತ ಯಾರಾದರೂ ಹೇಳಿದರೆ ಬಿಡಬೇಡಿ. ಮುಂದೆ ಒಳಗೆ ನೋಡಿ ಪರೀಕ್ಷೆ ಮಾಡುವುದಕ್ಕಾದರೂ ಜಾಗ ಮುಚ್ಚಿಕೊಳ್ಳಬಾರದು. ಯಾವಾಗಿಂದ ಶುರು ಮಾಡಬೇಕು ಅಂತ ಈಗಲೇ ಕೇಳಿಟ್ಟುಕೊಳ್ಳಿ.

ಹಳೇಸಿಸ್ಟರ್
ಹೆಸರುಬೇಡ ಅವರೇ, ನೀವು ಬರೆದದ್ದನ್ನು ನನ್ನ ಹಳೇ ವಾರ್ಡಿನ ಹುಡುಗಿಯರಿಗೆ ಕಳಿಸುತ್ತಿದ್ದೇನೆ. ಹೆಸರಿಲ್ಲದಿರುವುದರಿಂದ ಕಳಿಸಬಹುದು ಅಂದುಕೊಂಡೆ. ಬೇಡ ಅಂದರೆ ಹೇಳಿ.

ಹೆಸರುಬೇಡ
ಕಳಿಸಿ ಸಿಸ್ಟರ್.

ತುಂಗಾತೀರ
ಎಲ್ಲರಿಗೂ ಏನು ಹೇಳಲಿ. ನಿನ್ನೆ ಡಾಕ್ಟರ ಹತ್ತಿರ ಚೀಟಿ ಬರೆದುಕೊಂಡು ಹೋದೆ. ಐಎಂಆರ್‌ಟಿಯಾ ಅಂತ ಕೇಳಿದೆ. ಹೌದು ಅಂದರು. ದಿನಾ ಇಮೇಜ್ ತೆಗೆಯುತ್ತೀರಾ ಅಂದಾಗ ಒಂದು ಕ್ಷಣ ನನ್ನ ಮುಖ ನೋಡಿ "ಎಲ್ಲಿ ಓದಿದ್ರಿ" ಅಂದರು. ಪಾರ್ಸರ್ ಅಂದೆ. ಕುರ್ಚಿ ಎಳೆದು ಕೂತು ಅಮ್ಮನ ಸ್ಕ್ಯಾನ್ ತೆಗೆದು ಕರುಳು ಎಲ್ಲಿ ಬಂದು ಕೂತಿದೆ ಅಂತ ತೋರಿಸಿದರು. ಗರ್ಭಕೋಶ ಇಲ್ಲದಿರುವುದರಿಂದ ಆ ಖಾಲಿ ಜಾಗಕ್ಕೆ ಕರುಳು ಇಳಿದು ಬಂದಿದೆಯಂತೆ. ಡೈಲೇಟರ್ ವಿಷಯ ನನಗೆ ಕೇಳಲು ಬಾಯಿ ಬರಲಿಲ್ಲ, ಚೀಟಿ ಕೈಗೆ ಕೊಟ್ಟೆ. ಓದಿ, ಮುಗಿದ ಮೇಲಿನ ಮೊದಲ ಫಾಲೋಅಪ್‌ನಲ್ಲಿ ಮಾತಾಡೋಣ ಅಂತ ಫೈಲಿನಲ್ಲಿ ಬರೆದುಕೊಂಡರು. ದೊಡ್ಡಪ್ಪನ ಮಗನೂ ಜೊತೆಗೆ ಬಂದಿದ್ದ. ಅವರ ಹೆಸರಿನಲ್ಲಿ ಎಷ್ಟು ಪೇಪರ್ ಇದೆ ಅಂತ ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಸೋಮವಾರ ಪ್ಲಾನಿಂಗ್ ಸ್ಕ್ಯಾನ್, ಕಿರಣ ಎಲ್ಲಿ ಬೀಳಬೇಕು ಅಂತ ಗುರುತು ಮಾಡಲು. ಮೂತ್ರ ತುಂಬಿಸಿಕೊಂಡು ಬನ್ನಿ ಅಂದಿದ್ದಾರೆ, ಅಮ್ಮನಿಗೆ ಅಷ್ಟು ಹೊತ್ತು ತಡೆಯಲು ಆಗುತ್ತದೋ ಇಲ್ಲವೋ ಅಂತ ಭಯ. ಸಿಸ್ಟರ್, ಅದಕ್ಕೆ ಏನಾದರೂ ಉಪಾಯ ಇದೆಯಾ?

ಹಳೇಸಿಸ್ಟರ್
ಇದೆ. ಮೂತ್ರಕೋಶ ತುಂಬಿದ್ದರೆ ಕರುಳು ಮೇಲಕ್ಕೆ ತಳ್ಳಿಕೊಂಡು ಕಿರಣದ ದಾರಿಯಿಂದ ದೂರ ಇರುತ್ತದೆ, ಅದಕ್ಕೇ ಹೇಳುವುದು. ಅಮ್ಮನಿಗೂ ಈ ಕಾರಣ ಹೇಳು, ಗೊತ್ತಾದರೆ ತಡೆದುಕೊಳ್ಳುತ್ತಾರೆ. ಇವತ್ತಿನಿಂದಲೇ ಮನೆಯಲ್ಲಿ ರೂಢಿ ಮಾಡಿಸು. ಒಮ್ಮೆ ಪೂರ್ತಿ ಮೂತ್ರ ಮಾಡಿಸಿ, ಅಲ್ಲಿ ಎಷ್ಟು ನೀರು ಹೇಳಿದ್ದಾರೋ ಅಷ್ಟನ್ನೇ ಕುಡಿಸಿ, ಅವರು ಹೇಳಿದಷ್ಟು ಹೊತ್ತು ಗಡಿಯಾರ ನೋಡಿಕೊಂಡು ಕೂರಿಸು. ಸ್ಕ್ಯಾನ್ ದಿನ ಎಷ್ಟು ತುಂಬಿರುತ್ತದೋ 25 ದಿನವೂ ಸುಮಾರು ಅಷ್ಟೇ ಇರಬೇಕು. ಅದಕ್ಕೇ ಮೊದಲ ದಿನ ಪೌರುಷಕ್ಕೆ ಜಾಸ್ತಿ ಕುಡಿಸಬೇಡ. ಬೆಳಗ್ಗೆ ಕಾಫಿ ಬೇಡ, ಕಾಫಿ ಕುಡಿದರೆ ತಡೆಯಲು ಆಗುವುದಿಲ್ಲ. ಬದಲಾಯಿಸಲು ಒಂದು ಸೀರೆ ಬ್ಯಾಗಿನಲ್ಲಿ ಇಟ್ಟುಕೋ, ಇಟ್ಟುಕೊಂಡಿದ್ದೀಯ ಅಂತ ಅಮ್ಮನಿಗೆ ಮೊದಲೇ ಹೇಳು. ಆಗ ಅರ್ಧ ಭಯ ಹೋಗುತ್ತದೆ. ಸೋಮವಾರ ಸಂಜೆ ಏನಾಯಿತು ಅಂತ ಇಲ್ಲಿ ಬರೆ ಮಗಳೇ.